ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಲು ಶುರು ಮಾಡಬೇಕು. ಮೊದಲು ಯಾವುದು? ಒಂದೇ ಒಂದು ಹೇಳಿ

ಮೈಕ್‌ಸೆಟ್ (ಶಿರಸಿ) · ಜೂನ್ 9, ರಾತ್ರಿ 10.50

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಬದಿಯವ. ಮದುವೆ, ಉಪನಯನ, ಯಕ್ಷಗಾನದ ಆಟ, ತಾಳಮದ್ದಳೆ ಎಲ್ಲದಕ್ಕೂ ಮೈಕ್‌ಸೆಟ್ ಹಾಕುವುದು ನನ್ನ ಕಸುಬು. ಹದಿನೆಂಟು ವರ್ಷ ಆಯಿತು. ಅಷ್ಟು ವರ್ಷದಲ್ಲಿ ಕೇಳಿದ ಪದ್ಯಗಳಿಗೆ ಲೆಕ್ಕ ಇಲ್ಲ. ಆದರೆ ಕೆಲಸದ ಹೊತ್ತಿಗೆ ಕಿವಿ ಹಾಡಿನ ಕಡೆ ಇರುವುದಿಲ್ಲ, ಎಲ್ಲಿ ಮೈಕು ಕೂಗುತ್ತದೋ ಎಂಬ ಕಡೆಗೇ ಇರುತ್ತದೆ.

ಕಳೆದ ತಿಂಗಳು ಯಲ್ಲಾಪುರ ರಸ್ತೆಯ ಒಂದು ಮನೆಯಲ್ಲಿ ಹಿಂದೂಸ್ತಾನಿ ಸಂಗೀತದ ಬೈಠಕ್ ಇತ್ತು. ಅಂಗಳಕ್ಕೆ ಚಪ್ಪರ, ಜಗುಲಿಯ ಮೇಲೆ ಹಾಡುವವರು, ಎದುರಿಗೆ ಅರವತ್ತು ಜನ. ಕೊನೆಯಲ್ಲಿ ಹಾಡಿದವರು 'ಅಕ್ಕ ಕೇಳವ್ವಾ' ವಚನ ಎತ್ತಿಕೊಂಡರು. 'ಇದು ಮನ್ಸೂರರು ಹಾಡಿದ ದಾರಿ, ನಮ್ಮದೇನೂ ಇಲ್ಲ' ಅಂತ ಮೊದಲೇ ಹೇಳಿದರು. ಹಾಡು ಮುಗಿದ ಮೇಲೆ ನೋಡಿದರೆ ಮಿಕ್ಸರ್ ಮೇಲೆ ಇಟ್ಟ ಕೈ ಇಟ್ಟಲ್ಲೇ ಇತ್ತು. ಅಕ್ಕಿ, ಅಡಕೆ, ತೆಂಗಿನಕಾಯಿ ಎಲ್ಲ ಬರುವ ಕನಸು ಅದು. ನಮ್ಮ ಮನೆ ಅಟ್ಟದ ಸಾಮಾನೇ ಹಾಡಿಗೆ ಬಂದ ಹಾಗಾಯಿತು.

ಮನೆಗೆ ಬಂದು ಫೋನಿನಲ್ಲಿ ಮಲ್ಲಿಕಾರ್ಜುನ ಮನ್ಸೂರ ಅಂತ ಹುಡುಕಿದೆ. ಎಷ್ಟು ಎಳೆದರೂ ಮುಗಿಯದಷ್ಟು ಬಂತು. ಖಟ್, ಶುದ್ಧ ನಾಟ್, ಶಿವಮತ ಭೈರವ, ಯಮನಿ ಬಿಲಾವಲ್. ಒಂದು ರಾಗದ ಹೆಸರೂ ಹಿಂದೆ ಕೇಳಿದ್ದಲ್ಲ. ಹಿಂದೂಸ್ತಾನಿಯ ತಲೆಬುಡ ನನಗೆ ಗೊತ್ತಿಲ್ಲ.

ಬಲ್ಲವರು ಇಲ್ಲಿ ಇದ್ದೀರಿ ಅಂತ ಕೇಳುತ್ತಿದ್ದೇನೆ. ದಯವಿಟ್ಟು ಪಟ್ಟಿ ಬೇಡ. ಮೊದಲು ಕೇಳಬೇಕಾದ್ದು ಒಂದೇ ಒಂದು ಹೇಳಿ.

ಹದಿನಾರು ಮಾತ್ರೆ · ಜೂನ್ 9, ರಾತ್ರಿ 11.15

ಸರಿಯಾದ ಕಡೆಗೆ ಬಂದಿದ್ದೀರಿ, ಸ್ವಾಗತ! ನನ್ನ ಆಯ್ಕೆ: ಬೆಳಗ್ಗೆ ಶಿವಮತ ಭೈರವ ಮತ್ತು ಬಹಾದುರಿ ತೋಡಿ. ಹೊತ್ತು ಏರಿದ ಮೇಲೆ ಖಟ್, ಆಮೇಲೆ ಯಮನಿ ಬಿಲಾವಲ್. ಸಂಜೆಗೆ ಶುದ್ಧ ನಾಟ್. ರಾತ್ರಿ ನಟ ಬಿಹಾಗ್, ಬಸಂತಿ ಕೇದಾರ, ಸಂಪೂರ್ಣ ಮಾಲಕಂಸ (ಇದನ್ನು ಸಾಮಾನ್ಯ ಮಾಲಕಂಸ ಅಂದುಕೊಳ್ಳಬೇಡಿ, ಇದರಲ್ಲಿ ಏಳೂ ಸ್ವರ ಇವೆ). ಮಳೆಗಾಲದಲ್ಲಿ ಗೌಡ ಮಲ್ಹಾರ. ಕೊನೆಗೆ ಭೈರವಿ. ವಚನಗಳು ಬೇರೆಯೇ. ಖಟ್ ಮಾತ್ರ ಬಿಡಲೇಬೇಡಿ, ಅದು ಅವರ ಶಿಖರ.

ಘಟ್ಟದ ಕೆಳಗೆ (ಹೊನ್ನಾವರ) · ಜೂನ್ 9, ರಾತ್ರಿ 11.20

ಒಂದು ಕೇಳಿದರೆ ಹತ್ತು ಕೊಟ್ಟಿರಲ್ಲ ಮಾರಾಯ್ರೆ. ಪಟ್ಟಿ ಬೇಡ ಅಂತ ಅವರು ಎರಡು ಸಾಲು ಮೇಲೆಯೇ ಬರೆದಿದ್ದಾರೆ.

ಹದಿನಾರು ಮಾತ್ರೆ · ಜೂನ್ 9, ರಾತ್ರಿ 11.24

ಹತ್ತಕ್ಕೆ ಇಳಿಸಿದ್ದೇ ದೊಡ್ಡದು.

ಧಾರವಾಡ ಫೇಡೆ · ಜೂನ್ 10, ಬೆಳಗ್ಗೆ 6.30

ಮೈಕ್‌ಸೆಟ್ ಅಣ್ಣಾರ, ಖಟ್ ಗಿಟ್ ಎಲ್ಲಾ ಆಮ್ಯಾಲೆ. ನಿಮ್ಮನ್ನ ಹಿಡದು ನಿಲ್ಲಿಸಿದ್ದು ವಚನ ಅಲ್ಲೇನು? ಹಂಗಾರ ವಚನದಿಂದನ ಶುರು ಮಾಡ್ರಿ. ಬ್ಯಾರೆಯವರ ಬಾಯಾಗ ಕೇಳೀರಿ, ಈಗ ಅವರ ದನಿಯೊಳಗ ಅದನ್ನ ಕೇಳ್ರಿ. ಮಾತು ನಮ್ಮದು, ಅರ್ಥ ಹುಡುಕೂ ತ್ರಾಸಿಲ್ಲ. ಹಾಡಿನ ನಡಿಗಿ ಮ್ಯಾಲೆ ಅಷ್ಟ ಲಕ್ಷ್ಯ ಇಟ್ರ ಸಾಕು.

ಇನ್ನ ಮನಶಾನ ಬಗ್ಗೆ ನಾಕು ಮಾತು. ಹುಟ್ಟಿದ್ದು 1910ರ ಡಿಸೆಂಬರ್ 31ಕ್ಕ, ನಮ್ಮ ಧಾರವಾಡದ ಮಗ್ಗುಲಿನ ಮನ್ಸೂರ ಊರಾಗ. ಸಣ್ಣವರಿದ್ದಾಗ ನಾಟಕ ಕಂಪನಿ. ಅಲ್ಲಿಂದ ನೀಲಕಂಠ ಬುವಾ ಅವರ ಕಡೆ ಮಿರಜಿಗೆ, ಅದು ಗ್ವಾಲಿಯರ್ ಪದ್ಧತಿ. ಆಮ್ಯಾಲೆ ಜೈಪುರ-ಅತ್ರೌಲಿ ಘರಾಣೆಯ (ಅದೂ ಒಂದು ಹಾಡಿಕಿ ಪದ್ಧತಿ) ಅಲ್ಲಾದಿಯಾ ಖಾನರ ಮಗ ಮಂಜಿಖಾನರು ಸಿಕ್ಕರು. ಅವರು 1937ರಾಗ ತೀರಿಕೊಂಡ ಮ್ಯಾಲೆ ಅವರ ತಮ್ಮ ಭೂರ್ಜಿಖಾನರ ಹತ್ರ ಕಲತರು. ಅಷ್ಟೊತ್ತಿಗೆ ಇವರು ಗ್ರಾಮಫೋನ್ ಪ್ಲೇಟ್ ಕೊಟ್ಟ ಹೆಸರಾದ ಗವಾಯಿ, ಆದರೂ ಮತ್ತೊಮ್ಮೆ ಶಿಷ್ಯ ಆಗಿ ಕುಂತರು. ಪದ್ಮಶ್ರೀ ಬಂದಿದ್ದು 1970ಕ್ಕ, ಅರವತ್ತರ ಹೊಸ್ತಿಲಾಗ. ಪದ್ಮವಿಭೂಷಣ 1992ಕ್ಕ, ಅದೇ ವರ್ಷ ಸೆಪ್ಟೆಂಬರ್ 12ಕ್ಕ ಹೋದ್ರು. ಅವರ ಮನಿ 'ಮೃತ್ಯುಂಜಯ' ಈಗೂ ಐತಿ, ಸ್ಮಾರಕ ಮಾಡ್ಯಾರ. ಈ ಕಡೆ ಬಂದ್ರ ನೋಡಿ ಹೋಗ್ರಿ.

ಕಾಳಿ ದಂಡೆ (ಕಾರವಾರ) · ಜೂನ್ 10, ಬೆಳಗ್ಗೆ 9.05

ನಾನು ಒಂದು ಅಡ್ಡ ಮಾತು ಹೇಳುತ್ತೇನೆ, ಬೈಯಬೇಡಿ. ಹೊಸಬರು ಮನ್ಸೂರರಿಂದ ಶುರು ಮಾಡಬಾರದು.

ಜೈಪುರದವರ ರಾಗಗಳಲ್ಲಿ ಬಹಳಷ್ಟು ಜೋಡುರಾಗ. ಬಸಂತಿ ಕೇದಾರ ಅಂದರೆ ಬಸಂತ್ ಮತ್ತು ಕೇದಾರ. ಎರಡೂ ಬಿಡಿಬಿಡಿಯಾಗಿ ಗೊತ್ತಿದ್ದವನಿಗೆ ಮಾತ್ರ ಎಲ್ಲಿ ಒಂದು ಬಿಟ್ಟು ಇನ್ನೊಂದು ಹಿಡಿದರು ಎಂಬ ಸುಖ. ಗೊತ್ತಿಲ್ಲದವನಿಗೆ ಅದು ಬರೀ ಗೊಂದಲ. ಮನ್ಸೂರರು ಅದನ್ನು ಬಿಡಿಸಿ ತೋರಿಸುವವರೂ ಅಲ್ಲ. ಕೂತರು, ಷಡ್ಜ ಹಿಡಿದರು, ಸೀದಾ ಬಂದಿಶಿಗೆ, ಅಂದರೆ ಕಟ್ಟಿಟ್ಟ ಹಾಡಿಗೆ, ಇಳಿದರು.

ಮೊದಲು ಕಿಶೋರಿ ಅಮೋಣಕರ್ ಕೇಳಿ. ಅದೇ ಘರಾಣೆ, ಆದರೆ ಅವರು ರಾಗವನ್ನು ನಿಧಾನಕ್ಕೆ ತೆರೆದು ಕೊಡುತ್ತಾರೆ. ಅವರ ತಾಯಿ ಮೊಗುಬಾಯಿ ಕುರ್ಡಿಕರ್, ಅವರಿಗೂ ಹಿರಿಯರಾದ ಕೇಸರಬಾಯಿ ಕೇರ್ಕರ್, ಇಬ್ಬರೂ ನಮ್ಮ ಗಡಿಯಾಚೆಯ ಗೋವೆಯವರು. ಕೇಸರಬಾಯಿಯವರ ಭೈರವಿ 1977ರಲ್ಲಿ ವಾಯೇಜರ್ ನೌಕೆಯ ಚಿನ್ನದ ತಟ್ಟೆಯಲ್ಲಿ ಸೇರಿ ನಕ್ಷತ್ರಗಳ ನಡುವಿನ ಬಯಲಿಗೆ ಹೋಗಿದೆ. ಅದು ಮೂರೂವರೆ ನಿಮಿಷದ್ದು, ಹೊಸಬರಿಗೆ ಹೇಳಿ ಮಾಡಿಸಿದ್ದು. ಅಲ್ಲಿಂದ ಮನ್ಸೂರರ ಕಡೆ ಬನ್ನಿ.

ಹದಿನಾರು ಮಾತ್ರೆ · ಜೂನ್ 10, ಬೆಳಗ್ಗೆ 9.40

ಅವರು ಮನ್ಸೂರರನ್ನು ಕೇಳಬೇಕು ಅಂತ ಬಂದಿದ್ದಾರೆ. ನೀವು ಬೇರೆಯವರ ಮನೆ ವಿಳಾಸ ಕೊಟ್ಟು ಕಳಿಸುತ್ತಿದ್ದೀರಿ.

ಕಾಳಿ ದಂಡೆ (ಕಾರವಾರ) · ಜೂನ್ 10, ಬೆಳಗ್ಗೆ 9.52

ಕಾಲುಸಂಕ ದಾಟದೆ ಆ ಮನೆಗೆ ಹೋಗುವುದು ಹೇಗೆ? ಅದಿರಲಿ, ಹೊಸಬರಿಗೆ ಮೊದಲ ದಿನವೇ ಖಟ್ ಕೊಟ್ಟವರು ನೀವು. ಆರು ರಾಗ ಸೇರಿ ಆದದ್ದು ಅಂತ ಹೇಳುವ ರಾಗ ಅದು.

ಹದಿನಾರು ಮಾತ್ರೆ · ಜೂನ್ 10, ಬೆಳಗ್ಗೆ 10.01

ಮನ್ಸೂರರ ಖಟ್ ಕೇಳುವಾಗ ಯಾರಾದರೂ ಆರು ಎಣಿಸುತ್ತಾ ಕೂರುತ್ತಾರೆಯೇ? ಒಂದೇ ರಾಗ ಅನ್ನಿಸುವ ಹಾಗೆ ಹಾಡಿದ್ದೇ ಅವರ ದೊಡ್ಡತನ.

(ಇಲ್ಲಿಂದ ಇಬ್ಬರೂ ಸೇರಿ ಇಪ್ಪತ್ತೇಳು ಉತ್ತರ ಬರೆದಿದ್ದಾರೆ. ತೆರೆಯಲು ಒತ್ತಿ.)

ಆಯಿ ಕೈರುಚಿ (ಸಿದ್ದಾಪುರ) · ಜೂನ್ 10, ಮಧ್ಯಾಹ್ನ 2.15

ತಮಾ, ಇವ್ರ ಜಗಳ ಕೇಳಡ. ಹೊರಗೆ ಮಳೆ ಹೊಯ್ತಾ ಇದ್ದು. ಗೌಡ ಮಲ್ಹಾರ ಹಾಕ್ಕ್ಯ. ಅಷ್ಟೇಯ.

ಷಡ್ಜ · ಜೂನ್ 10, ರಾತ್ರಿ 8.30

ನಾನು ಶಿರಸಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತೇನೆ. ಇಷ್ಟು ಜನ ಉತ್ತರ ಕೊಟ್ಟಿರಿ, ಅವರು ಈಗಾಗಲೇ ಏನು ಕೇಳಬಲ್ಲರು ಅಂತ ಒಬ್ಬರೂ ವಿಚಾರಿಸಲಿಲ್ಲ. ಹದಿನೆಂಟು ವರ್ಷ ಆಟಕ್ಕೆ ಮೈಕು ಹಾಕಿದವರ ಕಿವಿ ಹೊಸ ಕಿವಿ ಅಲ್ಲ. ತಾಳ ತಪ್ಪಿದರೆ ಅವರಿಗೆ ನಮಗಿಂತ ಮೊದಲು ಗೊತ್ತಾಗುತ್ತದೆ.

ಮೈಕ್‌ಸೆಟ್ ಅವರೇ, ಸ್ವರ, ರಾಗದ ಹೆಸರು ಎಲ್ಲ ಸದ್ಯಕ್ಕೆ ಬಿಡಿ. ತಬಲಾ ಹಿಡಿದುಕೊಳ್ಳಿ. ಹೆಚ್ಚಿನವು ತೀನ್‌ತಾಲದಲ್ಲಿ ಇವೆ. ನಾಲ್ಕು ನಾಲ್ಕರ ಹಾಗೆ 16 ಮಾತ್ರೆ. 'ಧಾ ಧಿನ್ ಧಿನ್ ಧಾ' ಎರಡು ಸಲ ಆಗಿ, ಒಂಬತ್ತಕ್ಕೆ ಖಾಲಿ. ಅಲ್ಲಿಂದ 'ತಿನ್ ತಿನ್ ತಾ' ಬರುವಾಗ ಎಡಗೈಯ ಡಗ್ಗಾದ ಗುಮ್ಮನೆಯ ಸದ್ದು ನಿಂತುಬಿಡುತ್ತದೆ. ಹದಿನಾಲ್ಕರಲ್ಲಿ ಮತ್ತೆ ಬರುತ್ತದೆ. ಅದು ಬಂತು ಅಂದರೆ ಸಮ್ (ಸುತ್ತಿನ ಮೊದಲ ಮಾತ್ರೆ) ಹತ್ತಿರ ಬಂತು ಅಂತ ಲೆಕ್ಕ. ಕೆಳಗಿನ ಸದ್ದು ಬಿದ್ದದ್ದು, ಎದ್ದದ್ದು ನಿಮ್ಮಂಥವರಿಗೆ ಬೇರೆ ಯಾರೂ ತೋರಿಸಬೇಕಾಗಿಲ್ಲ.

ಈಗ ಮನ್ಸೂರರ ದನಿ ಕೇಳಿ. ಆವರ್ತದ ಯಾವುದೋ ಮೂಲೆಯಿಂದ ಹೊರಡುತ್ತಾರೆ. ಉಸಿರು ತೆಗೆದುಕೊಂಡದ್ದೇ ತಿಳಿಯುವುದಿಲ್ಲ. ಸುತ್ತಿ, ಬಳಸಿ, ಇನ್ನು ಮಾತ್ರೆ ಉಳಿದಿಲ್ಲ ಅನ್ನುವಾಗ ಬಂದಿಶಿನ ಮುಖಡಾ (ಮೊದಲ ಸಾಲಿನ ತುಣುಕು) ಹಿಡಿದು ಸಮ್ಮಿಗೆ ಬಂದು ಕೂರುತ್ತಾರೆ. ಭಾಗವತರು ಪದ್ಯ ಎತ್ತುವಾಗ ಮದ್ದಳೆಯವ ಹೇಗೆ ಕಾದು ಕೂತಿರುತ್ತಾನೋ, ಹಾಗೆ ನೀವೂ ಆ ಸಮ್ಮಿಗೆ ಕಾಯಿರಿ.

ಇಷ್ಟಕ್ಕೆ ಮಧ್ಯ ಲಯದ ಹತ್ತು-ಹದಿನೈದು ನಿಮಿಷದ ಯಾವ ತುಣುಕಾದರೂ ಆದೀತು. ಹಾಗಾಗಿ ನನ್ನ ವೋಟು ಆಯಿಯವರಿಗೆ. ಗೌಡ ಮಲ್ಹಾರ.

ಮೈಕ್‌ಸೆಟ್ (ಶಿರಸಿ) · ಜೂನ್ 11, ರಾತ್ರಿ 11.40

ಎಲ್ಲರಿಗೂ ಧನ್ಯವಾದ. ತಪ್ಪೊಪ್ಪಿಗೆ ಒಂದಿದೆ. ಇದನ್ನೆಲ್ಲ ಓದುವ ಮೊದಲೇ, ನಿನ್ನೆ ರಾತ್ರಿ ಖಟ್ ಹಾಕಿದ್ದೆ. 'ಬಿಡಲೇಬೇಡಿ' ಅಂದಿದ್ದರಲ್ಲ. ದಿನವಿಡೀ ಬನವಾಸಿಯಲ್ಲಿ ಒಂದು ಗೃಹಪ್ರವೇಶ, ಹನ್ನೊಂದು ಗಂಟೆಗೆ ಮನೆಗೆ ಬಂದು ಹಾಸಿಗೆಯ ಮೇಲೆ ಹೆಡ್‌ಫೋನ್ ಹಾಕಿಕೊಂಡೆ. ಏಳನೇ ನಿಮಿಷಕ್ಕೆ ನಿದ್ದೆ. ಬೆಳಗ್ಗೆ ಎದ್ದಾಗ ಹೆಡ್‌ಫೋನಿನ ವಯರು ಕುತ್ತಿಗೆಗೆ ಸುತ್ತಿಕೊಂಡಿತ್ತು.

ಹದಿನಾರು ಮಾತ್ರೆ · ಜೂನ್ 11, ರಾತ್ರಿ 11.46

ಬೆಳಗಿನ ರಾಗವನ್ನು ರಾತ್ರಿ ಹನ್ನೊಂದಕ್ಕೆ ಹಾಕಿದರೆ ಇನ್ನೇನಾದೀತು?

ಘಟ್ಟದ ಕೆಳಗೆ (ಹೊನ್ನಾವರ) · ಜೂನ್ 11, ರಾತ್ರಿ 11.50

ಬೈಠಕ್ಕಿನಲ್ಲಿ ಮುಂದಿನ ಸಾಲಿನಲ್ಲೇ ಕೂತು ನಿದ್ದೆ ಮಾಡುವವರನ್ನು ನಾನು ಕಂಡಿದ್ದೇನೆ, ಅವರ ಹೆಸರಿನ ಹಿಂದೆ ರಸಿಕರು ಅಂತ ಬೇರೆ ಹಾಕುತ್ತಾರೆ. ನೀವು ಏಳು ನಿಮಿಷ ತಡೆದಿರಿ, ಅಡ್ಡಿಲ್ಲ.

ಹಳೇ ವಿದ್ಯಾರ್ಥಿ (ಕುಮಟಾ) · ಜೂನ್ 12, ಬೆಳಗ್ಗೆ 7.20

ನಾನು 1985ರಿಂದ ಮೂರು ವರ್ಷ ಧಾರವಾಡದಲ್ಲಿ ಓದಿದವ. ಮನ್ಸೂರರು ಅದೇ ಊರಿನಲ್ಲಿದ್ದರು. ಒಂದು ಸಲವೂ ಕೇಳಲು ಹೋಗಲಿಲ್ಲ. ಗೆಳೆಯರು ಕರೆದರೂ ಸಿನಿಮಾಕ್ಕೆ ಹೋದೆ. ಯಾವ ಸಿನಿಮಾ ಅಂತ ಈಗ ನೆನಪೂ ಇಲ್ಲ. ಕೇಳಲು ಶುರು ಮಾಡಿದ್ದು 2003ರಲ್ಲಿ, ಕುಮಟಾದ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಕೊಟ್ಟ ಕ್ಯಾಸೆಟ್ಟಿನಿಂದ. ಆ ಕ್ಯಾಸೆಟ್ಟಿನ ಒಂದು ಬದಿಗೆ ಬಹಾದುರಿ ತೋಡಿ ಇತ್ತು, ಇನ್ನೊಂದು ಬದಿ ಖಾಲಿ. ಬೇರೆ ಗತಿಯಿಲ್ಲದೆ ಒಂದೇ ಬದಿಯನ್ನು ತಿರುಗಿಸಿ ತಿರುಗಿಸಿ ಆರು ತಿಂಗಳು ಕೇಳಿದೆ. ಈಗ ಫೋನಿನಲ್ಲಿ ಎಲ್ಲವೂ ಇದೆ, ಆದರೆ ಹಾಗೆ ಒಂದರ ಹಿಂದೆ ಬೀಳಲು ನನ್ನಿಂದಲೇ ಆಗುತ್ತಿಲ್ಲ. ಎರಡು ನಿಮಿಷ ಕೇಳಿ ಮುಂದಿನದಕ್ಕೆ ಹಾರುತ್ತೇನೆ.

ಮನ್ಸೂರರ ಆತ್ಮಕಥೆ 'ನನ್ನ ರಸಯಾತ್ರೆ' ಕನ್ನಡದಲ್ಲಿದೆ. ತೆಳ್ಳಗಿನ ಪುಸ್ತಕ. ಆದರೆ ಮೊದಲು ಕೇಳಿ, ಆಮೇಲೆ ಓದಿ.

ಮೈಕ್‌ಸೆಟ್ (ಶಿರಸಿ) · ಜೂನ್ 19, ರಾತ್ರಿ 9.30

ವಾರದಿಂದ ಈ ಕಡೆ ಬಂದಿರಲಿಲ್ಲ. ಕರೆಂಟು ಮೂರು ದಿನ ಇರಲಿಲ್ಲ, ನಮ್ಮ ರಸ್ತೆಗೇ ಮರ ಬಿದ್ದಿತ್ತು.

ಮೊನ್ನೆ ಕುಮಟಾದಿಂದ ಎರಡು ಬಾಕ್ಸ್ ತರುವುದಿತ್ತು. ವಾಪಸ್ ಬರುವಾಗ ದೇವಿಮನೆ ಘಟ್ಟ. ಮಳೆ ಅಂದರೆ ವೈಪರ್ ಹಾಕಿದರೂ ಮುಂದಿನ ಲಾರಿಯ ಕೆಂಪು ದೀಪ ಮಾತ್ರ ಕಾಣುವಂಥ ಮಳೆ. ಒಂದು ತಿರುವಿನಲ್ಲಿ ಲಾರಿ ಕೆಟ್ಟು ನಿಂತು ಎರಡೂ ಕಡೆ ವಾಹನ. ಗೌಡ ಮಲ್ಹಾರ ಮೊದಲೇ ಇಳಿಸಿಕೊಂಡಿದ್ದೆ, ಘಟ್ಟದಲ್ಲಿ ನೆಟ್‌ವರ್ಕ್ ಇರುವುದಿಲ್ಲವಲ್ಲ. ಹಾಕಿದೆ.

ಮೊದಲು ಷಡ್ಜ ಅವರು ಹೇಳಿದ ಹಾಗೆ ಡಗ್ಗಾ ಒಂದನ್ನೇ ಹಿಡಿದೆ. ಸದ್ದು ಬಿತ್ತು, ಎದ್ದಿತು, ಧಾ. ಬಿತ್ತು, ಎದ್ದಿತು, ಧಾ. ನಾಲ್ಕೈದು ಸುತ್ತಿಗೆ ಅದು ಕೈಗೆ ಬಂತು, ಸ್ಟಿಯರಿಂಗ್ ಮೇಲೆ ಬೆರಳು ತಾನಾಗಿ ಬೀಳತೊಡಗಿತು. ಆಮೇಲೆ ಅವರ ದನಿಯ ಹಿಂದೆ ಹೋದೆ. ಒಂದು ಕಡೆ ಖಾಲಿಯಿಂದ ಹೊರಟು, ಸಮ್ಮನ್ನು ಮುಟ್ಟದೆ ಹಾರಿಸಿಕೊಂಡು ಹೋದರು. ತಪ್ಪಿದರು ಅಂದುಕೊಂಡೆ. ಇಲ್ಲ, ಇನ್ನೊಂದು ಸುತ್ತು ಪೂರ್ತಿ ಹೋಗಿ ಅಲ್ಲಿ ಬಂದು ಕೂತರು, ಅದೂ ಒಂದೇ ಉಸಿರಿನಲ್ಲಿ. ಗಾಡಿಯಲ್ಲಿ ಒಬ್ಬನೇ ಇದ್ದೆ. 'ಹೋ' ಅಂತ ಜೋರಾಗಿ ಕೂಗಿದೆ. ಆಟದಲ್ಲಿ ಭಾಗವತರಿಗೆ ಕೂಗುವ ಹಾಗೆಯೇ.

ಲಾರಿ ಸರಿಸುವಷ್ಟರಲ್ಲಿ ಅದನ್ನೇ ಮೂರು ಸಲ ಕೇಳಿ ಆಗಿತ್ತು.

ಎರಡು ಪ್ರಶ್ನೆ. ಒಂದು, ಹಿಂದೆ ಇನ್ನೊಂದು ಗಂಡು ದನಿ ಇದೆ. ಮೈಕಿನಿಂದ ಒಂದು ಮೊಳ ದೂರ ಕೂತ ಹಾಗೆ ಕೇಳುತ್ತದೆ. ಇವರು ಬಿಟ್ಟಾಗ ಅವರು ಎತ್ತುತ್ತಾರೆ, ಆದರೆ ಒಮ್ಮೆಯೂ ಮೈ ಮೇಲೆ ಬರುವುದಿಲ್ಲ. ಅದು ಯಾರು? ಎರಡು, ಇವರು ಹಾಡುತ್ತಾ ತಲೆ ತಿರುಗಿಸುತ್ತಾರೆ ಅಲ್ಲವೇ? ಬಲದಿಂದ ಎಡಕ್ಕೆ ಹೋದ ಹಾಗೆ ದನಿ ಆಗಾಗ ತೆಳ್ಳಗಾಗುತ್ತದೆ. ನನ್ನ ಮೈಕಿನ ಮುಂದೆ ಹಾಗೆ ಮಾಡುವವರಿಗೆ ನಾನು ಬೈಯುತ್ತೇನೆ. ಇವರಿಗೆ ಬೈಯಲು ಮನಸ್ಸಾಗಲಿಲ್ಲ.

ಧಾರವಾಡ ಫೇಡೆ · ಜೂನ್ 19, ರಾತ್ರಿ 9.55

ಭಲೇ! ಮೂವತ್ತು ವರ್ಷ ಕೇಳೀನಿ, ತಲಿ ತಿರುಗಿಸೂದು ಕಿವಿಗೆ ಬಿದ್ದಿರಲಿಲ್ಲ ನನಗ. ಹಿಂದಿನ ದನಿ ಬಹುತೇಕ ಅವರ ಮಗ ರಾಜಶೇಖರ ಮನ್ಸೂರರದು. ಕರ್ನಾಟಕ ವಿಶ್ವವಿದ್ಯಾಲಯದಾಗ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು, ಅಪ್ಪನ ಹಿಂದ ಕುಂತು ವರ್ಷಗಟ್ಟಲೆ ಹಾಡಿದರು. 2022ರಾಗ ತೀರಿಕೊಂಡರು. ಅವರದೇ ಸ್ವತಂತ್ರ ಹಾಡುಗಾರಿಕಿನೂ ಐತಿ, ಅದನ್ನ ಆಮ್ಯಾಲೆ ಕೇಳ್ರಿ.

ಆಯಿ ಕೈರುಚಿ (ಸಿದ್ದಾಪುರ) · ಜೂನ್ 19, ರಾತ್ರಿ 10.10

ಹೇಳಿದ್ನಲಾ.

ಕಾಳಿ ದಂಡೆ (ಕಾರವಾರ) · ಜೂನ್ 19, ರಾತ್ರಿ 10.30

ಸೋತೆ. ಆದರೂ ಕಿಶೋರಿಯವರನ್ನು ಒಮ್ಮೆ ಕೇಳಿ.

ಮೈಕ್‌ಸೆಟ್ (ಶಿರಸಿ) · ಜುಲೈ 2, ರಾತ್ರಿ 10.05

ಕೇಳಿದೆ. ಬಹಳ ಚಂದ. ಆದರೆ ಅವರನ್ನು ಕೇಳುವಾಗ ನಾನು ನೆಟ್ಟಗೆ ಕೂರುತ್ತೇನೆ, ಮನ್ಸೂರರನ್ನು ಕೇಳುವಾಗ ಕಂಬಕ್ಕೆ ಒರಗುತ್ತೇನೆ. ಯಾಕೆ ಅಂತ ಗೊತ್ತಿಲ್ಲ.

ಈಗ ಇನ್ನೊಂದು ವಿಷಯ. ಕುಮಟಾದವರು ಹೇಳಿದ ಬಹಾದುರಿ ತೋಡಿ ಹುಡುಕುವಾಗ ಎರಡು ಕಡೆ ಸಿಕ್ಕಿತು. ಒಂದರ ಕೆಳಗೆ ಜನ ಜಗಳ ಆಡಿದ್ದಾರೆ: ಇದು ಅರವತ್ತರ ಪ್ರಾಯದ ದನಿ, ಇನ್ನೊಂದು ಎಪ್ಪತ್ತೈದರದ್ದು, ಹರೆಯದ ದನಿಯಲ್ಲಿ ಕಸುವು ಹೆಚ್ಚು, ಲಯ ಚುರುಕು, ಹೀಗೆಲ್ಲ. ನಾಲ್ಕು ವರ್ಷದಿಂದ ನಡೆದಿದೆ ಆ ವಾದ.

ನನಗೆ ಎರಡೂ ಒಂದೇ ಕಛೇರಿ ಅನ್ನಿಸುತ್ತದೆ. ಒಂದು 24 ನಿಮಿಷ 10 ಸೆಕೆಂಡು ಇದೆ, ಇನ್ನೊಂದು 22 ನಿಮಿಷ 49 ಸೆಕೆಂಡು. ಚಿಕ್ಕದರಲ್ಲಿ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಸರಿಯಾಗಿ ಒಂದು ಮನೆ (ಅರ್ಧ ಸ್ವರ) ಮೇಲಿದೆ. ಟೇಪು ಜೋರಾಗಿ ತಿರುಗಿದರೆ ಆಗುವುದು ಹಾಗೆಯೇ, ಶ್ರುತಿ ಏರುತ್ತದೆ, ಹೊತ್ತು ಇಳಿಯುತ್ತದೆ. ಒಂದು ಮನೆ ಏರಬೇಕಾದರೆ ಓಟ ನೂರಕ್ಕೆ ಸುಮಾರು ಆರು ಹೆಚ್ಚಾಗಬೇಕು. ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ ಸೆಕೆಂಡು ತಾಳೆ ಆಗುತ್ತದೆ. ಅಷ್ಟು ಸಾಲದು ಅಂದರೆ, ಎರಡರಲ್ಲೂ ಆರಂಭವಾಗಿ ಸ್ವಲ್ಪ ಹೊತ್ತಿಗೆ ಎಡಗಡೆ ಯಾರೋ ಎರಡು ಸಲ ಕೆಮ್ಮುತ್ತಾರೆ, ಆಮೇಲೆ ಲೋಟ ಇಟ್ಟ ಸದ್ದು. ಹದಿನೈದು ವರ್ಷದ ಅಂತರದಲ್ಲಿ ಅದೇ ಜಾಗದಲ್ಲಿ ಅದೇ ಕೆಮ್ಮು ಬರಲಿಕ್ಕಿಲ್ಲ.

ನಾನು ಹೊಸಬ. ತಪ್ಪಿದ್ದರೆ ಕ್ಷಮಿಸಿ.

ಹದಿನಾರು ಮಾತ್ರೆ · ಜುಲೈ 2, ರಾತ್ರಿ 10.40

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದೆ. ಕೆಮ್ಮು ಇದೆ. ಲೋಟವೂ ಇದೆ.

ಅಲ್ಲಿ 'ಹರೆಯದ ಕಸುವು' ಅಂತ ಬರೆದವರಲ್ಲಿ ನಾನೂ ಒಬ್ಬ. ಅಳಿಸುವ ಮೊದಲು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಘಟ್ಟದ ಕೆಳಗೆ (ಹೊನ್ನಾವರ) · ಜುಲೈ 2, ರಾತ್ರಿ 10.44

ಅಯ್ಯೋ ದೇವರೇ. ಈ ರಾತ್ರಿ ನಗುವುದಕ್ಕೆ ಇಷ್ಟು ಸಾಕು.

ಷಡ್ಜ · ಜುಲೈ 3, ಬೆಳಗ್ಗೆ 6.15

ಹೊಸದಾಗಿ ಕೇಳುವವರೆಲ್ಲರೂ ಇದನ್ನು ಗಮನಿಸಿ. ಹಾಕಿದವರು ಬರೆದ ರಾಗದ ಹೆಸರು, ವರ್ಷ ಎರಡನ್ನೂ ಕಣ್ಣು ಮುಚ್ಚಿ ನಂಬಬೇಡಿ. ಒಂದು ಚಾನೆಲ್ಲಿನಲ್ಲಿ ನಟ ಬಿಹಾಗಿಗೆ ಬರೀ ಬಿಹಾಗ್ ಅಂತ ಹಾಕಿದ್ದಾರೆ, ನನ್ನ ಶಿಷ್ಯನೊಬ್ಬ ಅದನ್ನು ಕೇಳಿ ಬಂದು ಬಿಹಾಗಿನಲ್ಲಿ ಇಲ್ಲದ ಸಂಚಾರವನ್ನೆಲ್ಲ ಹಾಡಿ ತೋರಿಸಿದ. ಬೈಯಲು ಹೋಗಿ ಮೂಲ ಕೇಳಿದ ಮೇಲೆ ಸುಮ್ಮನಾದೆ, ಹುಡುಗ ಸರಿಯಾಗಿಯೇ ಕಲಿತಿದ್ದ. ಆಕಾಶವಾಣಿಯ ಧ್ವನಿಮುದ್ರಣದಲ್ಲಿ ಹಾಡಿನ ಮೊದಲು ಉದ್ಘೋಷಕರು ರಾಗ, ತಾಳ ಹೇಳುತ್ತಾರೆ. ಅದು ಕತ್ತರಿಸದೆ ಉಳಿದಿರುವ ಪ್ರತಿ ಸಿಕ್ಕರೆ ಅದನ್ನೇ ಹಿಡಿಯಿರಿ. ಮನ್ಸೂರರು ಧಾರವಾಡ ಆಕಾಶವಾಣಿಗೆ ಸಂಗೀತ ಸಲಹೆಗಾರರಾಗಿದ್ದವರು, ಆ ಕಡೆಯ ಮುದ್ರಣಗಳು ಸಾಕಷ್ಟಿವೆ.

ಹಳೇ ವಿದ್ಯಾರ್ಥಿ (ಕುಮಟಾ) · ಜುಲೈ 3, ಬೆಳಗ್ಗೆ 8.00

ನನ್ನ ಕ್ಯಾಸೆಟ್ ಹೊರಗೆ ತೆಗೆದು ಕೇಳಿದೆ. ಅದರಲ್ಲಿ ಕೆಮ್ಮು ಇಲ್ಲ. ಅದು ಬೇರೆ ಕಛೇರಿ. ಏನೋ ಸಮಾಧಾನ ಆಯಿತು.

ಮೈಕ್‌ಸೆಟ್ (ಶಿರಸಿ) · ಜುಲೈ 3, ರಾತ್ರಿ 9.10

ಅದನ್ನು ಯಾರಿಗೂ ಎರವಲು ಕೊಡಬೇಡಿ. ನಾನೇ ಒಂದು ದಿನ ಬಂದು ಕಂಪ್ಯೂಟರಿಗೆ ಇಳಿಸಿ ಕೊಡುತ್ತೇನೆ, ಡೆಕ್ ನನ್ನ ಹತ್ತಿರ ಇದೆ. ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಅಕ್ಕಿ ಡಬ್ಬದಲ್ಲಿ ಇಟ್ಟಿರಿ.

ಧಾರವಾಡ ಫೇಡೆ · ಜುಲೈ 5, ಬೆಳಗ್ಗೆ 6.40

ಅಣ್ಣಾರ, ಈಗ ನಮ್ಮ ಪಾಳಿ. ನಿಮ್ಮ ಕಡೆ ಯಕ್ಷಗಾನದ ಭಾಗವತರು ಅಂತ ಇಷ್ಟು ಹೇಳತೀರಿ, ನನಗ ಒಬ್ಬರೂ ಗೊತ್ತಿಲ್ಲ. ಚಂಡೆ ಬಡಿದ್ರ ಹಿಂದಿನ ಹಾಡು ಕೇಳೂದ ಇಲ್ಲ ನನಗ. ಎಲ್ಲಿಂದ ಶುರು ಮಾಡ್ಲಿ? ಒಂದ ಹೇಳ್ರಿ.

ಮೈಕ್‌ಸೆಟ್ (ಶಿರಸಿ) · ಜುಲೈ 5, ಮಧ್ಯಾಹ್ನ 1.20

ಬಹಳ ಖುಷಿ ಆಯಿತು! ಮೊದಲು ತೆಂಕು, ಬಡಗು ಎರಡು ತಿಟ್ಟು (ಶೈಲಿ) ಅಂತ ತಿಳಿದುಕೊಳ್ಳಿ. ನಮ್ಮದು ಬಡಗು, ಅದರಲ್ಲೂ ನಮ್ಮ ಉತ್ತರ ಕನ್ನಡದ್ದು ಬಡಾಬಡಗು ಅನ್ನುತ್ತಾರೆ.

ಬಡಗಿನಲ್ಲಿ ಕಾಳಿಂಗ ನಾವಡರು ಆಗಲೇಬೇಕು. 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗೆ ಮೂವತ್ತು ದಾಟಿ ಒಂದೆರಡು ವರ್ಷ ಅಷ್ಟೆ, ಇವತ್ತಿಗೂ ಆಟೋದವರು ಅವರ ಕ್ಯಾಸೆಟ್ ಹಾಕುತ್ತಾರೆ. ಆದರೆ ನಾವಡರು ಅರ್ಥ ಆಗಬೇಕಾದರೆ ಅವರ ಗುರುಗಳು ನಾರ್ಣಪ್ಪ ಉಪ್ಪೂರರನ್ನು ಕೇಳಬೇಕು. ನಮ್ಮ ಕಡೆಗೆ ಬಂದರೆ ಕಡತೋಕಾ ಮಂಜುನಾಥ ಭಾಗವತರು. ಇಡಗುಂಜಿ ಮೇಳದಲ್ಲಿ ಕೆರೆಮನೆಯವರ ಕುಣಿತಕ್ಕೆ ಹಾಡಿದ ನೆಬ್ಬೂರು ನಾರಾಯಣ ಭಾಗವತರು, ಅವರು ಪದ್ಯ ಹೇಳಿದರೆ ಪಾತ್ರಧಾರಿ ಬರುವ ಮೊದಲೇ ಪಾತ್ರ ರಂಗದ ಮೇಲೆ ನಿಂತಿರುತ್ತದೆ. ಸುಬ್ರಹ್ಮಣ್ಯ ಧಾರೇಶ್ವರರು, ಗೋಕರ್ಣದವರು, ಮೊದಲು ಎಲೆಕ್ಟ್ರಿಷಿಯನ್ ಆಗಿದ್ದವರು, ಹಾಗಾಗಿ ನಮಗೆ ಮೈಕಿನವರಿಗೆ ಸ್ವಲ್ಪ ಹೆಚ್ಚು ಹತ್ತಿರ. 2024ರಲ್ಲಿ ಅವರೂ ಹೋದರು. ತೆಂಕಿನಲ್ಲಿ ಬಲಿಪ ನಾರಾಯಣ ಭಾಗವತರು, ಅವರದ್ದು ಬೇರೆಯದೇ ಶೈಲಿ, ಬಿಡಲೇಬೇಡಿ. ತಾಳಮದ್ದಳೆಯಲ್ಲಿ ಹಾಡುವುದು, ಆಟದಲ್ಲಿ ಹಾಡುವುದು ಬೇರೆ ಬೇರೆ, ಎರಡೂ ಕೇಳಬೇಕು. ಚಂಡೆಯವರು ಯಾರು ಅಂತಲೂ ನೋಡಬೇಕು. ಶೃಂಗಾರದ ಪದ್ಯ, ಕರುಣದ್ದು, ಯುದ್ಧದ್ದು, ಒಂದೊಂದಕ್ಕೂ ಒಬ್ಬೊಬ್ಬರು. ಇನ್ನೂ ಹೇಳುವುದಿದೆ, ಒಂದು ಫೋನ್ ಬಂತು, ಆಮೇಲೆ ಬರೆಯುತ್ತೇನೆ.

ಹದಿನಾರು ಮಾತ್ರೆ · ಜುಲೈ 5, ಮಧ್ಯಾಹ್ನ 1.26

ಎಣಿಸಿದೆ. ಆರು ಜನ, ಎರಡು ತಿಟ್ಟು, ಮೂರು ರಸ. 'ಬಿಡಲೇಬೇಡಿ' ಕೂಡ ಇದೆ.

ಘಟ್ಟದ ಕೆಳಗೆ (ಹೊನ್ನಾವರ) · ಜುಲೈ 5, ಮಧ್ಯಾಹ್ನ 1.31

ಮತ್ತೆ ನೆಬ್ಬೂರರನ್ನು ನಾಲ್ಕನೆಯವರಾಗಿ ಹೇಳಿದ್ದು ನನಗೆ ಒಪ್ಪಿಗೆ ಇಲ್ಲ. ಮೊದಲು ಬರಬೇಕಿತ್ತು.

ಧಾರವಾಡ ಫೇಡೆ · ಜುಲೈ 5, ಮಧ್ಯಾಹ್ನ 2.00

ಒಂದ ಹೇಳ್ರಿ ಅಂದಿದ್ದೆ ನಾ.

ಆಯಿ ಕೈರುಚಿ (ಸಿದ್ದಾಪುರ) · ಜುಲೈ 5, ಮಧ್ಯಾಹ್ನ 2.40

ತಮಾ, ಅವ್ರಿಗೆ ಚಂಡೆ ಹಿಂದೆ ಹಾಡೇ ಕೇಳ್ತಿಲ್ಲೆ ಹೇಳಿ ಅಂದ್ರು. ಅದ್ಕೆ ಎಂತಾರೂ ಹೇಳು.

ಮೈಕ್‌ಸೆಟ್ (ಶಿರಸಿ) · ಜುಲೈ 5, ರಾತ್ರಿ 9.45

ಪಟ್ಟಿ ಅಳಿಸುವುದಿಲ್ಲ, ಇರಲಿ.

ಫೇಡೆಯವರೇ, ಫೋನಿನಲ್ಲಿ ಕೇಳಿದರೆ ಚಂಡೆ ಮುಂದೆ ಬರುತ್ತದೆ, ಭಾಗವತರು ಹಿಂದೆ ಬೀಳುತ್ತಾರೆ. ಮುದ್ರಣ ಮಾಡಿದವರ ಮೈಕು ಎಲ್ಲಿತ್ತೋ ಅದರ ಮೇಲೆ ಹೋಗುತ್ತದೆ. ಈಗ ಮಳೆಗಾಲ, ಆಟ ಇಲ್ಲ, ತಾಳಮದ್ದಳೆ ನಡೆಯುತ್ತದೆ. ಅದರಲ್ಲಿ ಕುಣಿತ, ಗೆಜ್ಜೆ ಯಾವುದೂ ಇರುವುದಿಲ್ಲ. ಒಬ್ಬ ಭಾಗವತ, ಮದ್ದಳೆ, ಚಂಡೆ, ಎದುರು ಬದುರು ಕೂತ ನಾಲ್ಕಾರು ಅರ್ಥಧಾರಿಗಳು (ಮಾತಿನಲ್ಲೇ ಪಾತ್ರ ಆಡುವವರು). ಆಗಸ್ಟಿನಲ್ಲಿ ನಮ್ಮ ಊರ ದೇವಸ್ಥಾನದಲ್ಲಿ ಒಂದಿದೆ. ಮೈಕು ನನ್ನದೇ. ಚಂಡೆಯ ಮೈಕು ಎಷ್ಟಕ್ಕೆ ಇಡಬೇಕು ಅಂತ ನನಗೆ ಬಿಡಿ. ಎಡಗಡೆಯ ಎರಡನೇ ಕಂಬದ ಹತ್ತಿರ ಕೂತುಕೊಳ್ಳಿ, ಅಲ್ಲಿ ಭಾಗವತರ ದನಿ ಮೈಕಿನದೂ ಬರುತ್ತದೆ, ಬಾಯಿಯದೂ ಬರುತ್ತದೆ.

ಯಲ್ಲಾಪುರದ ಮೇಲೆ ಬನ್ನಿ. ಕೊಡೆ ಸಾಲುವುದಿಲ್ಲ, ಕಂಬಳಿ ಇದ್ದರೆ ತನ್ನಿ.

ಧಾರವಾಡ ಫೇಡೆ · ಜುಲೈ 5, ರಾತ್ರಿ 9.58

ಬರ್ತೀನಿ. ಫೇಡೆ ಎಷ್ಟು ಕೇಜಿ ತರಲಿ?

ಘಟ್ಟದ ಕೆಳಗೆ (ಹೊನ್ನಾವರ) · ಜುಲೈ 5, ರಾತ್ರಿ 9.59

ಒಂದೇ ಒಂದು ಅನ್ನಬೇಡಿ ಮತ್ತೆ. ನಾನೂ ಬರುವವ.